ಕೆಂಚನ ಹಳೆಯ ಕೊಟ್ಟಿಗೆ

ಕೊಡಗು ಇನ್ನೂ ತನ್ನಷ್ಟಕ್ಕೆ ತಾನೊಂದು ರಾಜ್ಯವಾಗಿದ್ದ ಕಾಲ. ಪುಷ್ಯದ ಚಳಿ. ಸಿದ್ದಾಪುರದಲ್ಲಿ ತಂಗಿದ್ದ ಐದು ಎತ್ತಿನ ಗಾಡಿಗಳು ನಸುಕಿನಲ್ಲೇ ಹೊರಟವು. ಶಿರಂಗಾಲದಿಂದ ಬಿಟ್ಟಂಗಾಲದ ಎಸ್ಟೇಟಿಗೆ ಕಾಫಿ ಬಿಡಿಸಲು ಹೋಗುವ ಸಂಸಾರಗಳು ಒಳಗೆ ಕಂಬಳಿ ಹೊದ್ದು ಒಬ್ಬರಿಗೊಬ್ಬರು ಒರಗಿದ್ದವು. ಸಂಜೆಯೊಳಗೆ ತಲುಪಲೇಬೇಕಿತ್ತು. ತಡವಾದರೆ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನಿನ ಮನೆಗಳನ್ನು ಬೇರೆ ಗುಂಪಿಗೆ ಕೊಡುತ್ತೇನೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿ ಕಳಿಸಿದ್ದ. ಮನೆ ಹೋದರೆ ಆ ಚಳಿಗಾಲದ ಕೆಲಸವೂ ಹೋದಂತೆಯೇ.

ಮುಂದಿನ ಗಾಡಿ ತಿಮ್ಮಯ್ಯನದು. ಹಿಂದಿನ ಎತ್ತುಗಳು ಮುಂದಿನ ಗಾಡಿಯನ್ನೇ ನೋಡಿಕೊಂಡು ನಡೆಯುವುದರಿಂದ ಹಿಂದಿನವರು ನಿದ್ದೆ ಮಾಡಬಹುದು, ಮುಂದಿನವನು ಮಾಡಬಾರದು. ತಿಮ್ಮಯ್ಯನಿಗೂ ಅದು ಗೊತ್ತಿತ್ತು. ಆದರೆ ಮಂಜು ಎತ್ತುಗಳ ಕೊಂಬನ್ನೂ ಮುಚ್ಚಿತ್ತು. ರಸ್ತೆಯಿಲ್ಲ, ಮರಗಳಿಲ್ಲ. ಗಾಲಿಯ ಸದ್ದು ಇನ್ಯಾವುದೋ ಊರಿನಿಂದ ಬಂದಂತಿತ್ತು. ಹಣ್ಣು ಕಾಫಿಯ ಸಿಹಿ ವಾಸನೆ ಬಂದು ಹೋಗುತ್ತಿತ್ತು. ಕೂತಿರುವುದು ಗಾಡಿಯಲ್ಲೋ ದೋಣಿಯಲ್ಲೋ ಎಂದುಕೊಳ್ಳುತ್ತಲೇ ಅವನ ಗದ್ದ ಎದೆಗಿಳಿಯಿತು.

ಕಣ್ಣು ಬಿಟ್ಟಾಗ ಗಾಡಿ ಒಂದು ಹುಲ್ಲಿನ ಮನೆಯ ಮುಂದೆ ನಿಂತಿತ್ತು. ಉಳಿದ ನಾಲ್ಕೂ ಹಿಂದೆಯೇ ಬಂದು ಬೇಲಿಯ ಬಳಿ ಸಾಲುಗಟ್ಟಿದ್ದವು.

"ನೆಂಟರ ಮನೆಗೆ ಅಂತ ಮೊದ್ಲೇ ಅಂದಿದ್ರೆ ಒಗೆದ ಪಂಚೆ ಉಟ್ಕೊಂಡು ಬರ್ತಿದ್ನಲ್ಲಣ್ಣ!" ಎಂದು ಎರಡನೇ ಗಾಡಿಯ ನಿಂಗ ಕೂಗಿದ.

ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದ ಮುದುಕಿ ಯಾರ ಮುಖವನ್ನೂ ನೋಡಲಿಲ್ಲ. ನೆಟ್ಟಗೆ ಬಂದು ಎಡಗಡೆಯ ಎತ್ತಿನ ಹಣೆಗೆ ಹಣೆ ಹಚ್ಚಿದಳು. "ಕೆಂಚಾ! ಬಂದ್ಯೇನೋ ಮಗ್ನೇ?"

ಹೋದ ವರ್ಷ ಸಂತೆಯಲ್ಲಿ ದಲ್ಲಾಳಿಯಿಂದ ಕೊಂಡ ಎತ್ತು ಅದು. ಅದಕ್ಕೊಂದು ಹೆಸರಿತ್ತೆಂದು ತಿಮ್ಮಯ್ಯನಿಗೆ ಗೊತ್ತಾದದ್ದೇ ಆಗ.

ನೀರು ಕುಡಿಸೋಣವೆಂದು ನೊಗ ಇಳಿಸಿದ್ದೇ ತಪ್ಪಾಯಿತು. ಕೆಂಚ ನೇರ ಖಾಲಿ ಕೊಟ್ಟಿಗೆಗೆ ಹೋಗಿ ಮಲಗಿಬಿಟ್ಟಿತು. ಹುಲ್ಲು ತೋರಿಸಿದರೂ ಏಳಲಿಲ್ಲ, ಗದರಿಸಿದರೂ ಏಳಲಿಲ್ಲ. ತಿಮ್ಮಯ್ಯ ಬಾಲಕ್ಕೆ ಕೈ ಹಾಕಿದ.

"ಬಾಲ ಮುರೀಬ್ಯಾಡ ಕಣಪ್ಪ, ತಪ್ಪು ನಂದು," ಎಂದಳು ಮುದುಕಿ. ಅವಳ ಹೆಸರು ಹುಚ್ಚಮ್ಮ. "ಎತ್ತು ಮಾರೋವಾಗ ಹಗ್ಗ ಬಿಚ್ಚಿ ಇಟ್ಕೋಬೇಕು. ಅಳ್ತಾ ಅಳ್ತಾ ಹಗ್ಗದ ಸಮೇತ ಕೊಟ್ಬುಟ್ಟೆ. ಹಟ್ಟಿ ಋಣ ಅದ್ರ ಕೊರಳಲ್ಲೇ ಉಳ್ಕತು."

ಅವಳು ಹಳೆಯ ಹಗ್ಗ ಬಿಚ್ಚಿ ಗೂಟಕ್ಕೆ ಹಾಕಿದಳು. ತಿಮ್ಮಯ್ಯ ತನ್ನ ಗಾಡಿಯ ಹಗ್ಗ ಕಟ್ಟಿದ. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಕೆಂಚ ಮೆಲುಕು ಹಾಕುತ್ತಲೇ ಇತ್ತು.

"ಅದ್ಕೆ ನಿನ್ ಶಾಸ್ತ್ರ ಗೊತ್ತಿಲ್ಲ ಕಣವ್ವ," ಎಂದ ನಿಂಗ.

ಹುಚ್ಚಮ್ಮ ನಕ್ಕು, "ಬಾರೋ," ಎಂದಷ್ಟೇ ಹೇಳಿ ಅಂಗಳ ದಾಟಿದಳು. ಕೆಂಚ ಎದ್ದು ಹಿಂದೆಯೇ ಹೊರಟಿತು. ನೊಗ ಹೂಡಿದರು. ಮಂಜಿನಲ್ಲಿ ಅವಳ ಸೆರಗು ಒಮ್ಮೆ ಕಾಣುತ್ತ ಒಮ್ಮೆ ಕರಗುತ್ತ ಮುಂದೆ ಸಾಗಿತು. ದೊಡ್ಡ ರಸ್ತೆಯಲ್ಲಿ ಅವಳು ನಿಂತಳು, ಎತ್ತೂ ನಿಂತಿತು. ಅವಳು ಮನೆಯತ್ತ ತಿರುಗಿದಳು, ಎತ್ತಿನ ಕತ್ತೂ ತಿರುಗಿ ನೊಗ ಕಿರುಗುಟ್ಟಿತು.

ತಿಮ್ಮಯ್ಯನ ಹೆಂಡತಿ ಮುದ್ದಿ ಗಾಡಿಗೆ ಮರೆ ಕಟ್ಟಿದ್ದ ಚಾಪೆ ಸರಿಸಿ ಇಣುಕಿದಳು. "ಅವ್ವ, ಮನೇಲಿ ಯಾರವ್ರೆ?"

"ಮೂರು ಕೋಳಿ."

"ಕಾಫಿ ಬಿಡಿಸಾಕೆ ಬತ್ತದಾ?"

"ನೀನು ಹುಟ್ಟೋಕ್ ಮುಂಚಿಂದ ಬಿಡಿಸಿವ್ನಿ."

ತಿಮ್ಮಯ್ಯ ಕೆಳಗಿಳಿದು ತನ್ನ ಜಾಗ ತೋರಿಸಿದ. ಅವಳು ಬಹಳ ಹೊತ್ತು ಎತ್ತಿನ ಬೆನ್ನನ್ನೇ ನೋಡಿ, ಆಮೇಲೆ ಹತ್ತಿದಳು. ಬಾಗಿಲೆಳೆದು, ಕೋಳಿಗಳನ್ನು ಪಕ್ಕದ ಮನೆಗೆ ಒಪ್ಪಿಸಿ, ಅವಳ ಸೀರೆಯ ಗಂಟು ತರಲು ನಿಂಗ ಗೊಣಗುತ್ತ ಓಡಿದ.

ಅಮ್ಮತ್ತಿ ಕಳೆಯಿತು, ವಿರಾಜಪೇಟೆ ಕಳೆಯಿತು. ಹುಚ್ಚಮ್ಮ ದಾರಿಯುದ್ದಕ್ಕೂ ಉತ್ತ ಗದ್ದೆ, ಸತ್ತ ಗಂಡ, ಬಿದ್ದ ಮಳೆ ಎಲ್ಲವನ್ನೂ ಕೆಂಚನಿಗೆ ಹೇಳಿದಳು. ಅವಳ ಮಾತು ನಿಂತರೆ ಅದರ ಕಿವಿ ಹಿಂದಕ್ಕೆ ತಿರುಗಿ ಹೆಜ್ಜೆ ಸಣ್ಣದಾಗುತ್ತಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ತಿಮ್ಮಯ್ಯನಿಗೆ ತಾನು ಇನ್ಯಾರದೋ ಕನಸಿನೊಳಗೆ ನಡೆಯುತ್ತಿರುವಂತೆ ತೋರಿತು.

ಮುಸ್ಸಂಜೆಗೆ ಗಾಡಿಗಳು ಲೈನಿನ ಮುಂದೆ ನಿಂತವು. ರೈಟರ್ ಪಟ್ಟಿ ಹಿಡಿದು ತಲೆ ಎಣಿಸಿದ.

"ಈ ಅಜ್ಜಿ ಪಟ್ಟಿಯಲ್ಲಿಲ್ಲವಲ್ಲ. ಯಾರ ಕಡೆಯವರು?"

"ಎತ್ತಿನ ಕಡೇರು ಸೋಮಿ," ಎಂದ ತಿಮ್ಮಯ್ಯ.

ರೈಟರ್ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಎತ್ತನ್ನು ನೋಡಿದ. ಆಮೇಲೆ ಪಟ್ಟಿಯ ಕೊನೆಗೆ ಇನ್ನೊಂದು ಹೆಸರು ಬರೆದುಕೊಂಡು ಬೀಗದ ಕೈಗಳನ್ನು ಕೊಟ್ಟ.