ಒಂದು ಲೀಟರ್ ಸಮುದ್ರ

2026ರ ಫೆಬ್ರುವರಿ 9, ಸೋಮವಾರ. ಬೆಳಗ್ಗೆ 10 ಗಂಟೆ 20 ನಿಮಿಷ. ಕಾರ್ಗಲ್‌ನ ಅಂಗನವಾಡಿಯ ಹೊರಗಿನ ಕಟ್ಟೆಯ ಮೇಲೆ ಭೂತಪ್ಪ ಕುಳಿತಿದ್ದರು. ಮೊಮ್ಮಗಳು ಸ್ವಾತಿ ನೀರಿನ ಬಾಟ್ಲಿ ಮರೆತು ಬಂದಿದ್ದಳು. ಅದನ್ನು ಕೊಡಲು ಬಂದವರು ಒಳಗಿನ ಪಾಠ ಕೇಳುತ್ತ ಅಲ್ಲೇ ಉಳಿದಿದ್ದರು.

ಒಳಗೆ ಟೀಚರ್ ಶಿಲ್ಪಶ್ರೀ ತಮ್ಮ ಹಳೆಯ ನೀಲಿ ಸೀರೆಯೊಂದನ್ನು ನೆಲದ ಮೇಲೆ ಅಗಲಕ್ಕೆ ಹರಡಿದ್ದರು.

"ಇದು ಸಮುದ್ರ. ಇದ್ರೊಳಗೆ ಏನೇನಿದೆ, ಯಾರು ಹೇಳ್ತೀರಿ?"

ಒಬ್ಬ ಮೀನು ಎಂದ. ಒಬ್ಬಳು ಹಡಗು ಎಂದಳು. ಐದು ವರ್ಷದ ಸ್ವಾತಿ ಎದ್ದೇ ನಿಂತಳು.

"ಟೀಚರ್, ಸಮುದ್ರದ ಅಡಿಲಿ ಊರಿದೆ. ಮನೆ ಇದೆ, ಬಾವಿ ಇದೆ. ನೀರು ಸಪ್ಪೆ. ಮುಪ್ಪಾನೆ ಲಾಂಚಲ್ಲಿ ಕೂತ್ರೆ ಆಚೆ ದಡ ಬರ್ತದೆ. ಮಳೆ ಜಾಸ್ತಿಯಾದ್ರೆ ನಮ್ಮಜ್ಜ ಗೇಟು ಎತ್ತಿ ಸಮುದ್ರಾನ ಖಾಲಿ ಮಾಡ್ತಿದ್ರು."

ಶಿಲ್ಪಶ್ರೀ ನಗಲಿಲ್ಲ. "ನೀನು ನೋಡಿದ್ದನ್ನೇ ಹೇಳಿದ್ದೀಯ ಪುಟ್ಟಿ. ಆದ್ರೆ ಅದು ಅಣೆಕಟ್ಟಿನ ಹಿನ್ನೀರು. ಸಮುದ್ರ ಬೇರೆ."

"ಇಲ್ಲ ಟೀಚರ್. ಅದೇ ಸಮುದ್ರ ಅಂತ ನಮ್ಮಜ್ಜ ಹೇಳಿದ್ದು. ಬೇಕಾದ್ರೆ ಕೇಳಿ, ಹೊರಗೇ ಕೂತಿದಾರೆ."

ಅಷ್ಟೂ ಮಕ್ಕಳು ಕಿಟಕಿಯ ಕಡೆ ತಿರುಗಿದರು. ಭೂತಪ್ಪ ಕಟ್ಟೆಯಿಂದ ಎದ್ದು, ಯಾರೋ ದೂರದಿಂದ ಕೂಗಿ ಕರೆದವರ ಹಾಗೆ ಮನೆಯತ್ತ ಸರಸರನೆ ನಡೆದುಬಿಟ್ಟರು.

ಹಿನ್ನೀರನ್ನು ತೋರಿಸಿ ಸಮುದ್ರ ಎಂದು ಮಕ್ಕಳಿಗೆ ಹೇಳುವ ಅಜ್ಜ ಕಾರ್ಗಲ್ ಕಡೆ ಇವರೊಬ್ಬರೇ ಅಲ್ಲ. ಹಿನ್ನೀರು ದಾಟಿಸುವ ಲಾಂಚಿನಲ್ಲಿ ನಿಂತಾಗ ಮಗು ಕೇಳುತ್ತದೆ, ಕಣ್ಣು ಹಾಯಿಸಿದಷ್ಟೂ ನೀರಿರುತ್ತದೆ, "ಹೂಂ, ನಮ್ಮ ಸಮುದ್ರ ಇದೇ" ಎಂದರೆ ಮಾತು ಮುಗಿಯುತ್ತದೆ. ಅದರಲ್ಲೂ ಭೂತಪ್ಪ ನಿವೃತ್ತಿಯಾಗುವವರೆಗೂ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಗೇಟಿನ ಕೆಲಸದಲ್ಲಿದ್ದವರು. ನೀರು ಎಷ್ಟಿದೆ ಎಂದು ಯಾರು ಕೇಳಿದರೂ "ಸುಮಾರಾಗಿದೆ" ಎಂದು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಅಡಿ ಲೆಕ್ಕದಲ್ಲೇ ಬರುತ್ತಿತ್ತು. ಆ ನೀರಿನ ಮೇಲೆ ಅವರಿಗೆ ಅಷ್ಟು ಅಭಿಮಾನ.

ಸಂಜೆ ಶಿಲ್ಪಶ್ರೀ ಮನೆಗೇ ಬಂದರು. ಶನಿವಾರ ಮಕ್ಕಳನ್ನು ಹೊನ್ನಾವರದ ಕಡಲತೀರಕ್ಕೆ ಕರೆದೊಯ್ಯಲು ಮಹಿಳಾ ಸಂಘದವರು ಟೆಂಪೊ ಗೊತ್ತುಮಾಡಿದ್ದರು. ಒಂದೇ ಷರತ್ತು: ಪ್ರತಿ ಮಗುವಿನ ಜೊತೆ ಮನೆಯ ಹಿರಿಯರೊಬ್ಬರು ಇರಲೇಬೇಕು. ಸ್ವಾತಿಯ ಅಪ್ಪ ಕುಮಾರನಿಗೆ ಅಂದು ಪವರ್‌ಹೌಸಿನಲ್ಲಿ ಪಾಳಿ. ಅಮ್ಮ ದೀಪ್ತಿಗೆ ಸಾಗರದ ಆಸ್ಪತ್ರೆಯಲ್ಲಿ ಡ್ಯೂಟಿ. ಅಜ್ಜಿ ಪುಷ್ಪಮ್ಮನಿಗೆ ಘಾಟಿಯ ಎರಡನೇ ತಿರುವಿಗೇ ವಾಂತಿ. ಉಳಿದವರು ಭೂತಪ್ಪ.

"ನಾನು ಬರಲ್ಲ ಟೀಚ್ರೇ," ಎಂದರು ಅವರು. "ಈ ವಯಸ್ಸಿನ ಮಕ್ಕಳಿಗೆ ಸಮುದ್ರ ಎಂತಕ್ಕೆ? ಮೊದ್ಲು ಅ ಆ ಇ ಈ ಬರ್ಲಿ. ನಾವೇನು ಕರಾವಳಿಯವ್ರಾ? ಮೀನಿನ ಗಾಡಿ ಬೆಳಗಾದ್ರೆ ಬಾಗಿಲಿಗೇ ಬರ್ತದೆ. ನಮಗೆ ಸಮುದ್ರ ಅಷ್ಟು ಸಾಕು."

"ಭೂತಪ್ಪಣ್ಣ, ನೀವು ಗೇಟು ಎತ್ತಿದಾಗ ನೀರು ಎಲ್ಲಿಗೆ ಹೋಗ್ತಿತ್ತು?"

"ಜೋಗಕ್ಕೆ."

"ಅಲ್ಲಿಂದ?"

"ಗೇರುಸೊಪ್ಪೆಗೆ."

"ಅಲ್ಲಿಂದ?"

"ಹೊನ್ನಾವರಕ್ಕೆ."

"ಅಲ್ಲಿಂದ?"

ಒಳಗಿನಿಂದ ಪುಷ್ಪಮ್ಮನ ಧ್ವನಿ ಬಂತು: "ಹೇಳಿ, ಹೇಳಿ. ಈಗ ಯಾಕೆ ಬಾಯಿ ಕಟ್ಟಿತು?"

"ಇನ್ನೊಂದು ಕೇಳ್ತೀನಿ," ಎಂದರು ಶಿಲ್ಪಶ್ರೀ. "ಅಣೆಕಟ್ಟು ತುಂಬಿಸಿದ್ದು ಯಾರು?"

"ಮಳೆ."

"ಆ ಮಳೆ ಎಲ್ಲಿಂದ ಬಂತು? ಜೂನ್ ತಿಂಗಳಲ್ಲಿ ಹುಲಿಕಲ್ ಘಾಟಿ ಹತ್ತಿ ಬರೋ ಮೋಡ ಸಮುದ್ರದ ಮೇಲಿಂದಲೇ ನೀರು ಹೊತ್ತು ತರ್ತದೆ. ನಮ್ಮ ಬಾವಿ, ನಿಮ್ಮ ಅಣೆಕಟ್ಟು, ಈ ಮನೆಯ ಕರೆಂಟು, ಎಲ್ಲಕ್ಕೂ ಅಲ್ಲಿಂದಲೇ ನೀರು. ಮಗು ಇದನ್ನ ತಿಳಿಯೋದು ಬೇಡ್ವಾ?"

"ತಿಳೀಲಿ. ಬಾಯಲ್ಲಿ ಹೇಳಿ. ನೀರಿನ ಹತ್ರ ಕರ್ಕೊಂಡು ಹೋಗೋದು ಬೇಡ. ಸಮುದ್ರ ಮಕ್ಕಳನ್ನ ಎಳ್ಕೊಂಡು ಹೋಗ್ತದೆ." ಅವರ ಧ್ವನಿ ತಗ್ಗಿತು. "ನನಗೆ ಇರೋದು ಇದೊಂದು ಮೊಮ್ಮಗು."

ಇದನ್ನು ಕೇಳಿ ಶಿಲ್ಪಶ್ರೀ ವಾದ ಬೆಳೆಸಲಿಲ್ಲ. "ನಿಮ್ಮ ಹೆದರಿಕೆ ಸರಿಯೇ. ಆದ್ರೆ ಯೋಚನೆ ಮಾಡಿ. ಇವತ್ತಲ್ಲ ನಾಳೆ ಸ್ವಾತಿ ಸಮುದ್ರಕ್ಕೆ ಹೋಗೇ ಹೋಗ್ತಾಳೆ. ಹಿನ್ನೀರನ್ನೇ ಸಮುದ್ರ ಅಂದ್ಕೊಂಡ ಮಗುಗೆ ಅಲೆ ಅಂದ್ರೇನು ಅಂತ ಗೊತ್ತಿರಲ್ಲ. ಅದಕ್ಕೇ ನಮ್ಮ ಮೊದಲ ಪಾಠ ಇದು: ಹಿರಿಯರ ಕೈ ಬಿಡಬಾರ್ದು, ಅಲೆಗೆ ಬೆನ್ನು ಹಾಕಬಾರ್ದು. ಶನಿವಾರ ಸಮುದ್ರದ ನೀರು ಹಿಂದೆ ಸರಿಯೋ ಇಳಿತದ ಹೊತ್ತು ನೋಡ್ಕೊಂಡೇ ಹೊರಡೋದು. ಸ್ಥಳದವರೂ ಜೊತೆಗಿರ್ತಾರೆ."

ಹೋಗುವಾಗ ಅವರು ಪುಷ್ಪಮ್ಮನಿಗೆ ಒಂದು ಮಾತು ಹೇಳಿದರು. "ಅಮ್ಮ, ನಾಳೆ ಮೀನು ತಗೊಂಡ್ರೆ, ಹೆಚ್ಚೋಕೆ ಮುಂಚೆ ಒಂದನ್ನ ಸ್ವಾತಿಗೆ ತೋರಿಸಿ. ಅಷ್ಟು ಮಾಡಿ ಸಾಕು."

ಮರುದಿನ ಮೀನಿನ ಗಾಡಿಯ ಹಾರನ್ ಕೇಳಿದಾಗ ಪುಷ್ಪಮ್ಮ ಬಂಗುಡೆ ತಗೊಂಡರು. ಹಿತ್ತಲಲ್ಲಿ ಮಣೆ ಹಾಕಿ ಕುಳಿತು, ಒಂದು ಮೀನನ್ನು ತಟ್ಟೆಯಲ್ಲಿಟ್ಟು ಮೊಮ್ಮಗಳನ್ನು ಕರೆದರು. ಸ್ವಾತಿ ಮೊದಲು ಮೂಗು ಹಿಡಿದುಕೊಂಡಳು. ಆಮೇಲೆ ಒಂದು ಬೆರಳಲ್ಲಿ ಮುಟ್ಟಿದಳು. ಐದು ನಿಮಿಷ ಕಳೆಯುವುದರೊಳಗೆ ತಟ್ಟೆಯನ್ನು ತನ್ನ ಕಡೆಗೇ ಎಳೆದುಕೊಂಡಿದ್ದಳು.

"ಅಜ್ಜಿ, ಇದಕ್ಕೆ ರೆಪ್ಪೆನೇ ಇಲ್ಲ. ನಿದ್ದೆ ಹೆಂಗೆ ಮಾಡ್ತದೆ?"

"ಕಣ್ಣು ಬಿಟ್ಕೊಂಡೇ ಮಾಡ್ತದೇನೋ. ನಿಮ್ಮಜ್ಜ ಟಿವಿ ಮುಂದೆ ಮಾಡಲ್ವಾ, ಹಂಗೆ."

ಪುಷ್ಪಮ್ಮ ಕಿವಿರಿನ ಮುಚ್ಚಳ ಎತ್ತಿ ತೋರಿಸಿದರು. ಒಳಗೆ ಕೆಂಪು ಬಾಚಣಿಗೆಯ ಹಾಗೆ ಎಳೆಗಳಿದ್ದವು. ಮೀನು ಉಸಿರಾಡುವುದು ಇದರಿಂದಲೇ ಎಂದು ಹೇಳಿದಾಗ ಸ್ವಾತಿ ತನ್ನ ಕೆನ್ನೆಯ ಹಿಂದೆ ಮುಟ್ಟಿ ನೋಡಿಕೊಂಡಳು. ನಂತರ ತಟ್ಟೆ ಹಿಡಿದುಕೊಂಡು ಜಗಲಿಗೆ ಓಡಿದಳು.

"ಅಜ್ಜ, ಈ ಬಂಗುಡೆ ನಮ್ಮ ಸಮುದ್ರದ್ದಾ?"

ಭೂತಪ್ಪ ಪೇಪರ್ ಕೆಳಗಿಟ್ಟರು. ಹೂಂ ಎನ್ನುವುದು ಸುಲಭವಿತ್ತು. ಆದರೆ ಸ್ವಾತಿ ನಾಳೆ ಅಂಗನವಾಡಿಯಲ್ಲಿ ಮತ್ತೆ ಎದ್ದು ನಿಲ್ಲುತ್ತಾಳೆ, ಮತ್ತೆ ಕಿಟಕಿಯ ಕಡೆ ಕೈ ತೋರಿಸುತ್ತಾಳೆ.

"ಅಲ್ಲ ಪುಟ್ಟಿ. ನಮ್ಮದು ಹಿನ್ನೀರು. ಅದ್ರಲ್ಲಿ ಬಂಗುಡೆ ಇರಲ್ಲ. ಇದಕ್ಕೆ ಉಪ್ಪು ನೀರು ಬೇಕು."

"ಎಷ್ಟು ಉಪ್ಪು?"

"ತುಂಬಾ" ಎನ್ನಬೇಕೆಂದುಕೊಂಡರು ಭೂತಪ್ಪ. ಜೀವಮಾನವಿಡೀ ನೀರನ್ನು ಅಳೆದವರಿಗೆ ಅದು ಉತ್ತರವೆನಿಸಲಿಲ್ಲ. ಎಷ್ಟು ಎಂದು ಕೇಳುವುದನ್ನು ಈ ಹುಡುಗಿಗೆ ಕಲಿಸಿದ್ದೂ ಅವರೇ.

"ಪುಷ್ಪಾ," ಎಂದು ಒಳಗೆ ಕೂಗಿದರು. "ಒಂದು ಲೀಟರ್ ಹಿಡಿಯೋ ಬಾಟ್ಲಿ ತೊಳೆದಿಡು. ಶನಿವಾರ ಬೇಕು."

ಶನಿವಾರ ಟೆಂಪೊ ಹೊರಟಾಗ ಪುಷ್ಪಮ್ಮ ಗಂಡನ ಜೇಬಿಗೆ ಎರಡು ನಿಂಬೆಹಣ್ಣು ತುರುಕಿದರು. ಗೇರುಸೊಪ್ಪೆ ಘಾಟಿಯ ಪ್ರತಿ ತಿರುವಿಗೂ ಮಕ್ಕಳು ಹೋ ಎಂದು ಒಂದು ಬದಿಗೆ ವಾಲಿದರು. ಶರಾವತಿ ಕಂಡಾಗಲೆಲ್ಲ ಸ್ವಾತಿ, "ಅಜ್ಜ ಬಿಟ್ಟ ನೀರು," ಎಂದು ಎಲ್ಲರಿಗೂ ತೋರಿಸಿದಳು. ಭೂತಪ್ಪ ಬೇಡ ಎನ್ನಲಿಲ್ಲ.

ತೀರ ತಲುಪಿದಾಗ ನೀರು ಇಳಿಯುತ್ತಿತ್ತು. ಗಾಳಿಮರಗಳ ಸಾಲು ದಾಟಿದ ಕೂಡಲೇ ಗದ್ದಲದ ಮಕ್ಕಳು ಒಮ್ಮೆಗೇ ನಿಂತರು. ಸ್ವಾತಿ ಅಜ್ಜನ ಬೆರಳು ಹಿಡಿದು ಬಹಳ ಹೊತ್ತು ನೋಡಿದಳು.

"ಅಜ್ಜ, ಆಚೆ ದಡ ಎಲ್ಲಿ?"

"ಕಾಣಲ್ಲ."

"ನಿಮಗೂ ಕಾಣಲ್ವಾ?"

"ನನಗೂ ಕಾಣಲ್ಲ."

ಭೂತಪ್ಪ ಮದುವೆ ಮುಂಜಿಗೆಂದು ಹೊನ್ನಾವರಕ್ಕೆ ಎಷ್ಟೋ ಸಲ ಬಂದವರು. ಸಮುದ್ರವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ಹೀಗೆ ಎದುರು ನಿಂತದ್ದು ಇದೇ ಮೊದಲು. ಮೊದಲ ಅಲೆ ಪಾದ ಮುಟ್ಟಿ, ಕಾಲಡಿಯ ಮರಳನ್ನು ಎಳೆದುಕೊಂಡು ಹಿಂದೆ ಸರಿದಾಗ ಅವರು ಗಕ್ಕನೆ ದಡದತ್ತ ತಿರುಗಿದರು. ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದರು. "ಅಲೆಗೆ ಬೆನ್ನು ಹಾಕಬಾರ್ದು ಅಜ್ಜ," ಎಂದು ಅವಳೇ ಅವರನ್ನು ತಿರುಗಿಸಿ ನಿಲ್ಲಿಸಿದಳು.

ನೀರು ಇಳಿದ ಬಂಡೆಗಳ ಸಂದಿಯಲ್ಲಿ ಅಲ್ಲಲ್ಲಿ ಸಣ್ಣ ಹೊಂಡಗಳು ಉಳಿದಿದ್ದವು. ಶಿಲ್ಪಶ್ರೀ ಮಕ್ಕಳನ್ನು ಒಂದರ ಸುತ್ತ ಕೂರಿಸಿದರು. ನೋಡಬೇಕು, ಕೀಳಬಾರದು, ಕಲ್ಲು ಎತ್ತಿದರೆ ಇದ್ದ ಹಾಗೇ ಇಡಬೇಕು ಎಂದರು. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಸ್ವಾತಿ ಪಿಸುಗುಟ್ಟಿದಳು: "ಟೀಚರ್, ಶಂಖ ನಡೀತಿದೆ."

ಶಂಖ ನಿಜಕ್ಕೂ ನಡೆಯುತ್ತಿತ್ತು. ಒಳಗಿನಿಂದ ಪುಟ್ಟ ಏಡಿಯೊಂದು ಕಾಲು ಚಾಚಿತ್ತು. ಅದಕ್ಕೆ ಹಿಂಭಾಗದಲ್ಲಿ ಗಟ್ಟಿ ಚಿಪ್ಪಿಲ್ಲ, ಹಾಗಾಗಿ ಖಾಲಿ ಶಂಖದಲ್ಲಿ ವಾಸ, ಬೆಳೆದಂತೆ ದೊಡ್ಡ ಶಂಖಕ್ಕೆ ಬಿಡಾರ ಬದಲಿಸುತ್ತದೆ ಎಂದು ಶಿಲ್ಪಶ್ರೀ ವಿವರಿಸಿದರು.

"ನಾವು ಸಣ್ಣ ಕ್ವಾರ್ಟರ್ಸಿಂದ ದೊಡ್ಡದಕ್ಕೆ ಹೋದ್ವಲ್ಲ, ಹಂಗೆ," ಎಂದರು ಭೂತಪ್ಪ. ಅವರೂ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಮೊಣಕಾಲು ನೋವೆಂಬುದು ಮರೆತೇಹೋಗಿತ್ತು. ಮನೆಗೆಂದು ಆರಿಸಿಟ್ಟುಕೊಂಡಿದ್ದ ಚೆಂದದ ಶಂಖವನ್ನು ಸ್ವಾತಿ ಜೇಬಿನಿಂದ ತೆಗೆದು ಹೊಂಡದ ಪಕ್ಕ ಇಟ್ಟಳು. "ಅದಕ್ಕೆ ಬೇಕಾಗ್ತದೆ."

ಹೊರಡುವ ಮುನ್ನ ಮರಳಿನಲ್ಲಿ ಒಂದು ರಸ್ಕ್ ಕವರ್ ಸಿಕ್ಕಿತು. ಅದರ ಮೇಲೆ ಸಾಗರದ ವಿಳಾಸವಿತ್ತು. ನದಿಯಲ್ಲಿ ತೇಲಿ ಬಂದದ್ದೋ, ಇಲ್ಲಿಗೆ ಬಂದವರೇ ಎಸೆದದ್ದೋ ಹೇಳುವಂತಿರಲಿಲ್ಲ. ಆದರೆ ಭೂತಪ್ಪನಿಗೆ ಅಣೆಕಟ್ಟಿನ ಕಬ್ಬಿಣದ ಜಾಲರಿ ನೆನಪಾಯಿತು. ಮೊದಲ ಮಳೆಗೆ ಅದಕ್ಕೆ ಕವರುಗಳು, ಬಾಟ್ಲಿಗಳು ಬಂದು ಮೆತ್ತಿಕೊಳ್ಳುತ್ತಿದ್ದವು. ಜಾಲರಿಗೆ ಸಿಕ್ಕಿದ್ದನ್ನು ಅವರೇ ತೆಗೆಸಿದ್ದರು. ಸಿಗದೆ ಕೆಳಗೆ ಹೋದದ್ದು ಏನಾಯಿತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಕಡಲಾಮೆ ಇಂಥ ಕವರನ್ನ ಆಹಾರ ಅಂದ್ಕೊಂಡು ನುಂಗ್ತದೆ," ಎಂದರು ಶಿಲ್ಪಶ್ರೀ.

ಭೂತಪ್ಪ ಕವರನ್ನು ಮಡಚಿ ನಿಂಬೆಹಣ್ಣಿದ್ದ ಜೇಬಿಗೇ ಹಾಕಿಕೊಂಡರು. ಆಮೇಲೆ ಮೊಣಕಾಲವರೆಗೆ ಪಂಚೆ ಎತ್ತಿ, ಸ್ವಾತಿಯನ್ನು ಟೀಚರ್ ಕೈಗೆ ಕೊಟ್ಟು, ನೀರಿಗಿಳಿದು ಬಾಟ್ಲಿ ತುಂಬಿಸಿದರು.

ಭಾನುವಾರ ಮನೆಯಲ್ಲಿ ಹಬ್ಬದ ಸಡಗರ. ಸಮುದ್ರದ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಒಂದು ಪಾತ್ರೆಗೆ ಹಾಕಿದರು. ಇನ್ನೊಂದಕ್ಕೆ ಅಷ್ಟೇ ಹಿನ್ನೀರು. ಎರಡೂ ಒಲೆಯ ಮೇಲೆ ಕುದಿದವು. ಸ್ವಾತಿ ದೂರದ ಮಣೆಯ ಮೇಲೆ ಕುಳಿತು ಕಾವಲು ಕಾದಳು. ನೀರು ಬತ್ತಿದ ಮೇಲೆ ಪಾತ್ರೆಗಳನ್ನು ಅಂಗಳದ ಬಿಸಿಲಿಗಿಟ್ಟು, ಚೆನ್ನಾಗಿ ಒಣಗುವವರೆಗೂ ಯಾರೂ ಮುಟ್ಟಬಾರದೆಂದು ಭೂತಪ್ಪ ಆಜ್ಞೆ ಮಾಡಿದರು.

"ಸಾರಿಗೆ ಹಾಕ್ಲಾ?" ಎಂದು ಪುಷ್ಪಮ್ಮ ಛೇಡಿಸಿದರು.

"ತಿನ್ನೋಕಲ್ಲ ಮಾರಾಯ್ತಿ. ತೂಕಕ್ಕೆ."

ಬುಧವಾರ ಅಜ್ಜ ಮೊಮ್ಮಗಳು ಕನ್ನಪ್ಪನ ದಿನಸಿ ಅಂಗಡಿಗೆ ಹೋದರು. ಖಾಲಿ ಪಾತ್ರೆಗಳ ತೂಕ ಮೊದಲೇ ಮಾಡಿಸಿಟ್ಟಿದ್ದರು. ಹಿನ್ನೀರಿನ ಪಾತ್ರೆಯ ತಳದಲ್ಲಿ ಬೂದಿ ಸವರಿದಂಥ ಕಲೆ ಮಾತ್ರ. ತಕ್ಕಡಿಯ ಅಂಕಿ ಖಾಲಿ ಪಾತ್ರೆಯ ತೂಕ ದಾಟಲೇ ಇಲ್ಲ. ಸಮುದ್ರದ ಪಾತ್ರೆ ಇಟ್ಟಾಗ ಅಂಕಿ ಖಾಲಿ ತೂಕ ದಾಟಿ ಓಡಿತು. ಅಂಗಡಿಯ ಗಿರಾಕಿಗಳೂ ಬಗ್ಗಿ ನೋಡಿದರು. ಕನ್ನಪ್ಪ ಪಾತ್ರೆಯ ತೂಕ ಕಳೆದು ಹೇಳಿದ್ದನ್ನು ಬಾಯಲ್ಲಿ ಜಪಿಸುತ್ತ ಸ್ವಾತಿ ಅಂಗನವಾಡಿಯವರೆಗೂ ಓಡಿದಳು. ಈ ಸಲ ಭೂತಪ್ಪ ಕಟ್ಟೆಯ ಮೇಲೆ ಕೂರಲಿಲ್ಲ. ಕರೆಯುವ ಮೊದಲೇ ಒಳಗೆ ಹೋಗಿ ನೀಲಿ ಸೀರೆಯ ಅಂಚಿನಲ್ಲಿ ಮಕ್ಕಳ ಜೊತೆ ಕುಳಿತರು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಮಗುವಿಗೂ ಸಮುದ್ರದ ಬಗ್ಗೆ ಹೇಳಿ. ಕಡಲತೀರಕ್ಕೆ ಹೋಗಲೇಬೇಕೆಂದಿಲ್ಲ. ಮೀನು ಹೆಚ್ಚುವ ಮುನ್ನ ಒಂದನ್ನು ತೋರಿಸಿ. ಮೀನು ತಿನ್ನದ ಮನೆಯಾದರೆ ಚಿತ್ರ ಸಾಕು. ನಿಮ್ಮೂರಿನ ಹಳ್ಳ ಯಾವ ಹೊಳೆ ಸೇರುತ್ತದೆ, ಆ ಹೊಳೆ ಎಲ್ಲಿಗೆ ಹೋಗುತ್ತದೆ ಎಂದು ಮಗುವಿನ ಜೊತೆ ಕುಳಿತು ಹುಡುಕಿ. ಶರಾವತಿ ಪಡುವಣಕ್ಕೆ ಹೋದರೆ ತುಂಗೆ ಮೂಡಣಕ್ಕೆ; ಎರಡೂ ಕೊನೆಗೆ ಮುಟ್ಟುವುದು ಸಮುದ್ರವನ್ನೇ. ಆ ಹಳ್ಳಕ್ಕೆ ಪ್ಲಾಸ್ಟಿಕ್ ಎಸೆಯಬೇಡಿ. ತೀರಕ್ಕೆ ಹೋದ ದಿನ ಮಗುವಿನ ಕೈ ಬಿಡಬೇಡಿ. ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಆಮೇಲೆ ಇಬ್ಬರೂ ಸೇರಿ ತಿಳಿದುಕೊಳ್ಳಿ.

ಸ್ವಾತಿ ಅಂದು ನೀಲಿ ಸೀರೆಯ ನಡುವೆ ನಿಂತು ಹೇಳಿದ ಲೆಕ್ಕ ಇದು: ಅವಳ ಅಜ್ಜ ತಂದ ಒಂದು ಲೀಟರ್ ಸಮುದ್ರದ ನೀರಿನಲ್ಲಿ ಇದ್ದ ಉಪ್ಪು 35 ಗ್ರಾಂ.