ಎರಡು ಬೆರಳು ಮಾರ್ಜಿನ್

ಎಡತೋಳು ಒಂದು ಬೆರಳು ಉದ್ದ, ಯಾವ ಪುಣ್ಯಾತ್ಮ ಹೊಲಿದನೋ, ಬಲಗಡೆ ಸರಿಯಾಗಿದೆ, ಎಡಗಡೆಯದು ಮಾತ್ರ ಗಡಿಯಾರದ ಮೇಲೆ ಬಂದು ಕೂತಿದೆ, ಟೈಮು ನೋಡಬೇಕಾದಾಗಲೆಲ್ಲ ಸಾಲದ ಆಫೀಸರು ರಘುನಾಥ್ ಸಾಹೇಬರು ಅಂಗಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ನನ್ನ ಕೈಗೆ ಕೊಟ್ಟಿದ್ದರೆ ಹತ್ತು ನಿಮಿಷದ ಕೆಲಸ — ಅಯ್ಯೋ ಮಂಗಳಾ, ನೀನು ಬ್ಯಾಂಕಿಗೆ ಬಂದಿರುವುದು ಮಗಳ ಓದಿನ ಸಾಲಕ್ಕೆ ಸಹಿ ಹಾಕುವುದಕ್ಕೆ, ಕಂಡವರ ತೋಳು ಅಳೆಯುವುದಕ್ಕಲ್ಲ. ಏನು ಮಾಡಲಿ, ಹತ್ತೊಂಬತ್ತು ವರ್ಷ ಹೊಳಲ್ಕೆರೆಯಲ್ಲಿ ರವಿಕೆ ಹೊಲಿದ ಕಣ್ಣು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಪಕ್ಕದಲ್ಲಿ ಬೃಂದಾ ಫೈಲನ್ನು ಎದೆಗೆ ಅವುಚಿಕೊಂಡು ಕೂತಿದ್ದಾಳೆ, ಮುಖ ಇನ್ನೂ ಕೆಂಪಗಿದೆ, ನಾನು ಈಗಷ್ಟೇ ಮಾಡಿದ ಘನಂದಾರಿ ಕೆಲಸಕ್ಕೆ. ಮಂಗಳಮ್ಮನೋರೆ, ಫ್ಯಾಷನ್ ಮತ್ತು ಟೆಕ್ಸ್‌ಟೈಲ್ ಡಿಗ್ರಿ, ಬೆಂಗಳೂರು, ಹಾಸ್ಟೆಲ್ಲೂ ಸೇರಿ ಮೂರು ವರ್ಷಕ್ಕೆ ಆರು ಲಕ್ಷ ಆಗುತ್ತೆ, ನೀವು ಮಾರ್ಜಿನ್ ಎಷ್ಟು ಹಾಕ್ತೀರಿ ಅಂತ ಸಾಹೇಬರು ಕೇಳಿದರು, ನಾನು ಹಿಂದೆಮುಂದೆ ನೋಡದೆ ಎರಡು ಬೆರಳು ಹಾಕ್ತೀನಿ ಸಾರ್, ಬೆಳೆಯೋ ಹುಡುಗ್ರಿಗಾದ್ರೆ ಮೂರು, ಅಂದುಬಿಟ್ಟೆ. ಆಚೆ ಕೌಂಟರಿನ ಹೆಂಗಸು ಬಾಯಿಗೆ ಸೆರಗು ಇಟ್ಟುಕೊಂಡಳು. ಅಮ್ಮಾ, ಅದು ದುಡ್ಡಿನ ಮಾರ್ಜಿನ್, ನಾವು ಕೈಯಿಂದ ಕಟ್ಟೋದು, ಬೃಂದಾ ಪಿಸುಗುಟ್ಟಿದಳು. ನೂರಕ್ಕೆ ಐದು, ಮೂವತ್ತು ಸಾವಿರ, ಸಾಹೇಬರು ನಗದೆ ಹೇಳಿದರು, ಒಳ್ಳೆಯ ಮನುಷ್ಯ, ತೋಳು ಹಾಳಾಗಿದ್ದರೇನು.

ಆದರೆ ನಾನು ಹೇಳಿದ್ದರಲ್ಲಿ ತಪ್ಪೇನಿತ್ತು, ಮಾರ್ಜಿನ್ ಅಂದರೆ ಮಾರ್ಜಿನ್ನೇ, ಹೊಲಿಗೆಯ ಒಳಗೆ ಮಡಚಿ ಬಿಡುವ ಬಟ್ಟೆ, ಮೈ ತುಂಬಿಕೊಂಡಾಗ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಅಂತ. ಬೃಂದಾ ಎಂಟನೇ ಕ್ಲಾಸಿಗೆ ಹೋದಾಗ ದುರ್ಗದ ಸಂತೆಹೊಂಡದ ಹತ್ತಿರದ ಅಂಗಡಿಯಿಂದ ಕಡುನೀಲಿ ಬಟ್ಟೆ ತಂದು ಯೂನಿಫಾರಂ ಹೊಲಿದೆ, ಎರಡೂ ಕಂಕುಳ ಕೆಳಗೆ ಮೂರು ಮೂರು ಬೆರಳು ಬಿಟ್ಟಿದ್ದೆ, ಒಂಬತ್ತಕ್ಕೆ ಬಿಚ್ಚಿದೆ, ಹತ್ತಕ್ಕೆ ಮತ್ತೆ ಬಿಚ್ಚಿದೆ, ಹೊರಗಿನ ಬಟ್ಟೆ ಒಗೆದೂ ಒಗೆದೂ ಬೂದಿ ಬಣ್ಣ, ಒಳಗಿಂದ ಬಂದದ್ದು ಅಂಗಡಿಯಿಂದ ತಂದ ದಿನದ ಕಡುನೀಲಿ, ಪಕ್ಕೆಯುದ್ದಕ್ಕೂ ಒಂದು ಪಟ್ಟಿ, ಪಟ್ಟಿಯ ತುಂಬ ಹಳೇ ಸೂಜಿಯ ತೂತುಗಳು. ಎಲ್ರೂ ಗೆರೆ ಬೃಂದಾ ಅಂತಾರಮ್ಮ, ಅಂತ ಅತ್ತಳು. ಅತ್ತರೂ ಆ ಟಾಪ್ ಹಾಕಿಕೊಂಡೇ ಪರೀಕ್ಷೆ ಬರೆದಳು, ಪಾಪ.

ಆ ಸಿಟ್ಟಿಗೇ ಇರಬೇಕು, ಹೋದ ವರ್ಷ ಕಮಲಮ್ಮ ಟೀಚರು ಹೊಸದುರ್ಗದ ಮದುವೆಗೆ ಅಂತ ಕೊಟ್ಟ ರೇಷ್ಮೆ ರವಿಕೆ ಹೊಲಿಯುವಾಗ ಇವಳು ಒಳಗಿನ ಬಟ್ಟೆಯನ್ನೆಲ್ಲ ಕಚಕಚ ಕತ್ತರಿಸಿ ಎಸೆದದ್ದು, ಒಳಗೆ ಬಟ್ಟೆ ತುಂಬಿದ್ರೆ ಫಿನಿಶಿಂಗ್ ಬರಲ್ಲಮ್ಮ, ನಿಂದೆಲ್ಲ ಓಬೀರಾಯನ ಕಾಲದ್ದು, ಅಂದಳು. ಧಾರೆಯ ಹೊತ್ತಿಗೆ ಹುಕ್ಕು ಹುಕ್ಕಿಗೆ ಸೇರಲಿಲ್ಲ. ಏನೇ ಮಂಗಳಾ, ಒಂದ್ ಬೆರಳೂ ಬಿಟ್ಟಿಲ್ವಲ್ಲೇ ಒಳಗೆ, ನಾನೇನ್ ಇದ್ದಂಗೇ ಇರ್ತೀನಾ, ಅಂತ ಕಮಲಮ್ಮ ಅಂಗಡಿ ಬಾಗಿಲಲ್ಲಿ ನಿಂತು ಕೂಗಾಡಿದರು, ಕೂಗಾಡಿ ಸುಸ್ತಾದ ಮೇಲೆ ಸ್ಟೂಲಿನ ಮೇಲೆ ಕೂತು, ಹೊಲಿದದ್ದು ಬೃಂದಾ ಅಂತ ನಾನಂದಾಗ, ಅದೇ ರವಿಕೆಯ ಬೆನ್ನು ಸವರುತ್ತ, ನಿಜ ಹೇಳ್ತೀನಿ, ನಿನ್ ಕೈಗಿಂತ ನಿನ್ ಮಗಳ ಕೈ ಚೆನ್ನಾಗೈತೆ ಕಣೇ, ಇದನ್ನ ಹಾಳು ಮಾಡ್ಬೇಡ, ಅಂದರು. ಆ ಮಾತು ಎದೆಯಲ್ಲಿ ಕೂತುಬಿಟ್ಟಿತು, ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ, ಸಂತೋಷವೂ ಆಯಿತು. ಆದರೆ ಕಮಲಮ್ಮನ ಮಗಳು ಲತಾ ಓದಿದ್ದೂ ಇದೇ ಡಿಗ್ರಿ, ಯುಗಾದಿಗೆ ಬಂದವಳನ್ನು ಕೂರಿಸಿಕೊಂಡು ಕೇಳಿದೆ, ಆಂಟಿ, ಗಾರ್ಮೆಂಟ್ಸ್ ಆಫೀಸಲ್ಲಿ ಮೊದಲನೇ ವರ್ಷ ಬರೀ ಗುಂಡಿ ಎಣಿಸಿದೀನಿ, ಹದಿನಾರು ಸಾವಿರ ಕೊಟ್ರು, ಈಗ ಮೂರನೇ ವರ್ಷ, ಇಪ್ಪತ್ತಮೂರು ಬರ್ತೈತೆ, ಅಂದಳು. ಸಾಲ? ಅವಳಿಗೆ ಸಾಲ ಇರಲಿಲ್ಲ, ಅಮ್ಮನ ಟೀಚರ್ ಸಂಬಳ ಇತ್ತು. ಬೃಂದಾಳಿಗೆ ತಿಂಗಳ ಕಂತು ಒಂಬತ್ತೂವರೆ ಸಾವಿರ ಬರುತ್ತೆ, ಹತ್ತು ವರ್ಷ, ಅಂತ ಸಾಹೇಬರು ಈಗ ಹೇಳಿದರು. ಹದಿನಾರರಲ್ಲಿ ಒಂಬತ್ತೂವರೆ ಹೋದರೆ ಉಳಿಯುವುದು ಆರೂವರೆ, ಪೀಜಿಗೇ ಏಳು, ಊಟ ಬಸ್ಸು ಬೇರೆ, ಎಷ್ಟು ಸಲ ಅಳೆದರೂ ಹುಕ್ಕು ಹುಕ್ಕಿಗೆ ಸೇರುವುದಿಲ್ಲ. ಮನೆಯಲ್ಲಿ ನಮ್ಮ ಯಜಮಾನರನ್ನು ಕೇಳಿದರೆ, ತಾವು ಓಡಿಸುವ ಸ್ಕೂಲ್ ವ್ಯಾನು ಒರೆಸುತ್ತ, ಅಳತೆ ತಗಳ್ಳೋಳು ನೀನು, ಕತ್ತರಿನೂ ನಿನ್ ಕೈಲೇ ಐತೆ, ನಂದೇನೈತೆ, ಅಂದರು, ಜಾಣ.

ಬೇಡ ಅಂದರೆ ಏನಾಗುತ್ತದೆ, ನನ್ನ ಪಕ್ಕದ ಮಿಷನ್ನಿನಲ್ಲಿ ಕೂರುತ್ತಾಳೆ, ಒಳ್ಳೆಯ ಹುಡುಗಿ, ಎದುರಾಡುವುದಿಲ್ಲ, ನಾನೂ ಪಿಯುಸಿ ಆದ ಮೇಲೆ ಹಾಗೇ ಕೂತೆ, ಅವ್ವ ಸಾಕು ಅಂದಳು, ನಾನು ಸರಿ ಅಂದೆ, ಆ ಸರಿ ಇನ್ನೂ ಗಂಟಲಲ್ಲಿ ಇದೆ. ಪವರ್ ಮಿಷನ್ನಿಗೆ ಅಂತ ಎತ್ತಿದ ಚೀಟಿ ದುಡ್ಡು ಮೂವತ್ತೆಂಟು ಸಾವಿರ ಬೀರುವಿನಲ್ಲಿದೆ, ಅದರಲ್ಲೇ ಮಾರ್ಜಿನ್ ಕಟ್ಟಿದರಾಯಿತು, ಸರಿ, ಪೆಡಲ್ಲೇ ತುಳಿಯೋಣ, ಇನ್ನು ಕಂತು, ಲೈನಿಂಗ್ ರವಿಕೆಗೆ ಮುನ್ನೂರು, ಮೂವತ್ತೆರಡು ರವಿಕೆ ಹೊಲಿದರೆ ಒಂದು ಕಂತು, ಅಂದರೆ ಈಗ ಹೊಲಿಯುವುದರ ಮೇಲೆ ದಿನಕ್ಕೊಂದು, ಮೊಣಕಾಲು ಏನನ್ನುತ್ತದೋ — ಸಾಹೇಬರು ಮತ್ತೆ ತೋಳು ಎಳೆದು ಟೈಮು ನೋಡಿದರು, ಕಾಗದ ನನ್ನ ಕಡೆ ತಿರುಗಿಸಿದರು, ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ. ಪೆನ್ನು ಸೂಜಿಗಿಂತ ಭಾರ. ಬೃಂದಾ ನನ್ನ ಕಿವಿಯ ಹತ್ತಿರ ಬಗ್ಗಿದಳು, ಅಮ್ಮಾ, ಮುಂದೆ ನನ್ ಸಂಬಳ ಸಾಲ್ದೇ ಹೋದ್ರೆ? ಒಳಗೆ ಐತಾ? — ಅದೇ ಮಾತು, ಅದೇ ದನಿ, ಹತ್ತನೇ ಕ್ಲಾಸಿನ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಉಸಿರು ಕಟ್ಟುವ ಟಾಪ್ ತಂದು ನನ್ನ ತೊಡೆಯ ಮೇಲೆ ಹಾಕಿ ಕೇಳಿದ್ದಳು, ಇನ್ನೂ ಒಳಗೆ ಐತಾ ಅಮ್ಮಾ, ಬಿಚ್ಚಿ ನೋಡಿದರೆ ಇದ್ದದ್ದು ಅರ್ಧ ಬೆರಳು, ಐತೆ ಬಿಡು ಅಂದಿದ್ದೆ, ಈಗಲೂ ಐತೆ ಅಂದೆ, ಎಷ್ಟೈತೆ ಅಂತ ಅವಳು ಆಗಲೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ, ಮಂಗಳಾ ಅಂತ ಬರೆದೆ, ಮತ್ತೆ ಮಂಗಳಾ, ಮೂರನೆಯದಕ್ಕೆ ಪೆನ್ನು ಊರಿದಾಗ ಕಣ್ಣೆದುರಿಗೆ ಅದೇ, ಆ ಕಡುನೀಲಿ ಪಟ್ಟಿ, ತುದಿಯಲ್ಲಿ ಎಳೆ ಬಿಟ್ಟುಕೊಳ್ಳುತ್ತಿರುವ ಆ ಅರ್ಧ ಬೆರಳು ಬಟ್ಟೆ, ಅದರ ಅಂಚಿನಲ್ಲೇ ಇಳಿಯುತ್ತಿರುವ ಸೂಜಿ.