ಹೆಸರು ಬರೆದ ಉಗುಳು

ಸೊನ್ನೆ. ಮೂರು ಸಲ ಅಳೆದೆ, ಮೂರು ಸಲವೂ ಸೊನ್ನೆ.

ಮಡಾಂಗ್ ಪೇಟೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ ಇದೇ. ಬಾಯಿ ಕ್ಯಾನ್ಸರ್ ಆದವರ ಉಗುಳಿನಲ್ಲಿ ಒಂದು ಪ್ರೋಟೀನ್ ಎಷ್ಟಿದೆಯೆಂದು ನೋಡುವುದು. ಜಾಸ್ತಿಯಿದ್ದರೆ ರೋಗ ಕುತ್ತಿಗೆಗೆ ಹರಡುವ ಸಂಭವ ಜಾಸ್ತಿ. ಶುಕ್ರವಾರ ನಮ್ಮ ಮಾಕೆ ಅತ್ತೆಗೆ ಆಪರೇಷನ್. ನಾಲಿಗೆಯ ಅಂಚನ್ನಷ್ಟೇ ಕೊಯ್ಯಬೇಕೋ, ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕೋ ಎಂದು ಡಾಕ್ಟರು ನನ್ನ ಅಂಕಿಗೆ ಕಾಯುತ್ತಿದ್ದರು.

ಅವಳ ಉಗುಳಿನ ಟ್ಯೂಬಿನಲ್ಲಿ ಸೊನ್ನೆ ಕಂಡು ಮೊದಲು ಕುಣಿದೆ, ನನ್ನನ್ನು ಸಾಕಿದವಳಲ್ಲವೇ. ಆಮೇಲೆ ತಲೆಗೆ ಹುಳ ಬಿಟ್ಟಂತಾಯಿತು. ಆರೋಗ್ಯವಂತ ಮನುಷ್ಯರ ಬಾಯಲ್ಲೂ ಅದು ಚೂರುಪಾರು ಇದ್ದೇ ಇರುತ್ತದೆ. ಹಾಗಾದರೆ ಈ ಸೊನ್ನೆ ಎಲ್ಲಿಂದ ಬಂತು? ಅದು ಗೊತ್ತಾಗದೆ ನನಗೆ ಊಟ ಸೇರುವುದಿಲ್ಲ. ಕೋಟಿನ ಜೇಬಿನಿಂದ ಅಡಿಕೆ ತೆಗೆದು ಸುಣ್ಣದ ಜೊತೆ ಬಾಯಿಗೆ ಹಾಕಿಕೊಂಡು ಸಂತೆಗೆ ಹೊರಟೆ. ಕೆನ್ನೆಯೊಳಗಿನ ಬಿಳಿ ಮಚ್ಚೆ ಚುರುಗುಟ್ಟಿತು. ಸುಣ್ಣ ಹೆಚ್ಚಾಗಿರಬೇಕು ಅಂದುಕೊಂಡೆ.

ಅತ್ತೆ ಗೆಣಸು ಮಾರುತ್ತಾ ಕೂತಿದ್ದಳು.

"ಅತ್ತೆ, ಆ ಟ್ಯೂಬಿಗೆ ಉಗುಳಿದ್ದು ಯಾರು?"

"ನಾನೇ! ಇನ್ಯಾರು, ಹಂದಿ ಉಗುಳುತ್ತಾ?"

"ಹಂದಿ ಹೆಸರು ನಾನು ಎತ್ತೇ ಇಲ್ವಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು. ಸಿಕ್ಕಿಬಿದ್ದ ಮೇಲೆ ದನಿ ತಗ್ಗಿಸಿದಳು.

"ಹಂದಿಗೆ ಗೆಣಸು ತೋರಿಸಿ ಜೊಲ್ಲು ಹಿಡಿದೆ ಕಣೇ. ಎಂಜಲು ಯಾರದೋ ಕೈಗೆ ಸಿಕ್ರೆ ಮಾಟ ಮಾಡಲ್ವಾ?"

"ದಾರಿ ತುಂಬ ಕೆಂಪಗೆ ಉಗೀತೀಯಲ್ಲ, ಅದು?"

"ಅಲ್ಲಿ ಯಾರದು ಯಾವುದು ಅಂತ ಯಾರಿಗ್ಗೊತ್ತು? ಇದರ ಮೇಲೆ ನನ್ನ ಹೆಸರು ಬರ್ದಿದೀಯ!"

ನನಗೆ ನಗುವೂ ಬಂತು, ಸಿಟ್ಟೂ ನೆತ್ತಿಗೇರಿತು. "ಹಂದಿ ಕುತ್ತಿಗೆಗೇನೂ ಭಯ ಇಲ್ವಂತೆ. ನಿನ್ನ ಕುತ್ತಿಗೆ ಗತಿ ಏನು?"

ಬಾಯಿ ಮುಕ್ಕಳಿಸಿ, ಜೊತೆಗೆ ತಂದಿದ್ದ ಒಂದು ಟ್ಯೂಬಿಗೆ ನಾನೇ ಉಗುಳಿ, ಯಾಂಬೆ ಎಂದು ನನ್ನ ಹೆಸರು ಬರೆದು ಅವಳ ಮುಂದಿಟ್ಟೆ. "ಎರಡೂ ಒಂದೇ ಡಬ್ಬೀಲಿರುತ್ತೆ. ಮಾಟ ಆದ್ರೆ ಇಬ್ಬರಿಗೂ ಆಗ್ಲಿ."

ನನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅವಳೂ ಬಾಯಿ ತೊಳೆದು ಉಗುಳಿದಳು.

ಗುರುವಾರ ಅವಳ ಅಂಕಿ ಬಂತು. ಜಾಸ್ತಿ, ತುಂಬ ಜಾಸ್ತಿ. ಕುತ್ತಿಗೆಯನ್ನೂ ಕೊಯ್ಯಲೇಬೇಕೆಂದರು ಡಾಕ್ಟರು. ಪ್ರಯೋಗಾಲಯದ ಜಗಲಿಯಲ್ಲಿ ಕೂತಿದ್ದ ಅತ್ತೆಗೆ ಹೋಗಿ ಹೇಳಿದೆ. ಅವಳು ಕುತ್ತಿಗೆ ಸವರಿಕೊಂಡಳು.

"ಆಗ್ಲಿ. ಹಂದಿ ಮಾತು ನಂಬಿದ್ರೆ ಕೆಟ್ಟಿದ್ದೆ." ಆಮೇಲೆ ಕೇಳಿದಳು: "ನಿಂದೆಷ್ಟು ಬಂತೇ?"

"ನೋಡಿಲ್ಲ."

"ಹಂದೀದನ್ನ ಮೂರು ಸಲ ನೋಡ್ದೋಳು!"

ನನ್ನ ಟ್ಯೂಬನ್ನು ಫ್ರಿಜ್ಜಿನ ಹಿಂದಿನ ಸಾಲಿಗೆ ತಳ್ಳಿದ್ದು ನಾನೇ. ನಾಲಿಗೆ ತಾನಾಗಿಯೇ ಆ ಮಚ್ಚೆಯ ಮೇಲೆ ಹೋಯಿತು.

"ನಾನು ಕುತ್ತಿಗೆ ಕೊಡ್ತಿಲ್ವಾ? ಹೋಗಿ ನೋಡು," ಅಂದಳು ಅತ್ತೆ. "ನಾನಿಲ್ಲೇ ಕೂತಿರ್ತೀನಿ."

ಜೇಬಿನಲ್ಲಿದ್ದ ಅಡಿಕೆಯನ್ನೆಲ್ಲ ಅವಳ ಪಕ್ಕದಲ್ಲಿಟ್ಟು ಒಳಗೆ ಹೋದೆ.